ಅಪ್ಪನ ಹಾಡು, ಮಗಳ ಹಾಡು

ತಮ್ಮ: ಅಕ್ಕಾ, ಶಾಲೆಯ ರಸಪ್ರಶ್ನೆಗೆಂದು ಯುರೋಪಿನ ರಾಷ್ಟ್ರಗೀತೆಗಳನ್ನು ಒಂದಾದ ಮೇಲೊಂದು ಕೇಳುತ್ತಾ ಕೂತಿದ್ದೆ. ಫಿನ್‌ಲ್ಯಾಂಡಿನದು ಮುಗಿದು ಎಸ್ಟೋನಿಯಾದ್ದು ಶುರುವಾಯಿತು. ಮೊದಲ ಸಾಲಿಗೇ ಗೊಂದಲವಾಯಿತು. ಅದೇ ಧಾಟಿ, ಅದೇ ನಡೆ. ಯಾರೋ ಒಂದೇ ಹಾಡನ್ನು ಎರಡು ಹೆಸರಿನಲ್ಲಿ ಹಾಕಿರಬೇಕು ಎಂದುಕೊಂಡೆ.

ಅಕ್ಕ: ತಪ್ಪೇನೂ ಆಗಿಲ್ಲ. ಎರಡು ದೇಶಕ್ಕೂ ಒಂದೇ ಧಾಟಿ. ಸಾಹಿತ್ಯ ಬೇರೆ, ಭಾಷೆ ಬೇರೆ.

ತಮ್ಮ: ಹಾಗಾದರೆ ಒಬ್ಬರದನ್ನು ಇನ್ನೊಬ್ಬರು ಎತ್ತಿಕೊಂಡಂತಾಯಿತು. ರಾಷ್ಟ್ರಗೀತೆ ಅಂದರೆ ದೇಶದ ಗುರುತು. ಅದನ್ನೇ ಎರವಲು ತರುವುದೆಂದರೆ ಏನು? ಸ್ವಂತ ಭಾಷೆ, ಸ್ವಂತ ನೆಲ ಇದ್ದವರಿಗೆ ಸ್ವಂತದ್ದೊಂದು ಹಾಡು ಕಟ್ಟಿಕೊಳ್ಳಲು ಆಗಲಿಲ್ಲವೇ?

ಅಕ್ಕ: ನಿನ್ನ ಪ್ರಶ್ನೆ ಸರಿಯಾದದ್ದೇ. ಆದರೆ ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೊದಲು ಹೇಳು, ಅದನ್ನು ಕೇಳಿದಾಗ ತಾಳ ಹಾಕಿ ನೋಡಿದೆಯಾ?

ತಮ್ಮ: ಇಲ್ಲ.

ಅಕ್ಕ: ಹಾಕಿ ನೋಡು. ಮೂರು ಮಾತ್ರೆಯ ನಡೆ ಅದು. ಸಿಪಾಯಿಗಳು ಎಡ ಬಲ ಎಂದು ಹೆಜ್ಜೆ ಹಾಕಲು ಎರಡೋ ನಾಲ್ಕೋ ಮಾತ್ರೆ ಬೇಕು. ಈ ಹಾಡಿಗೆ ಕವಾಯತು ಮಾಡಲು ಬರುವುದಿಲ್ಲ. ನಿಂತಲ್ಲೇ ತೂಗಬಹುದು, ಪಕ್ಕದವರ ಕೈ ಹಿಡಿದು ಮೈ ವಾಲಿಸಬಹುದು. ನಾನು ಮಕ್ಕಳಿಗೆ ಇದನ್ನು ಕೇಳಿಸುವಾಗಲೆಲ್ಲ ಅವರು ತಾವಾಗಿಯೇ ಓಲಾಡತೊಡಗುತ್ತಾರೆ. ದಂಡಿನ ಮೈದಾನದಲ್ಲಿ ಹುಟ್ಟಿದ ಹಾಡಲ್ಲ ಎನ್ನುವುದು ಅದರ ನಡೆಯಲ್ಲೇ ಗೊತ್ತಾಗುತ್ತದೆ.

ತಮ್ಮ: ಮತ್ತೆ ಹುಟ್ಟಿದ್ದು ಎಲ್ಲಿ?

ಅಕ್ಕ: ಹೆಲ್ಸಿಂಕಿಯ ಒಂದು ಹುಲ್ಲುಗಾವಲಿನಲ್ಲಿ. 1848ರ ಮೇ 13ರಂದು ಅಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕುಮ್ತಾಹ್ತಿ ಎಂಬ ಬಯಲಿನಲ್ಲಿ ವಸಂತದ ಹಬ್ಬಕ್ಕೆ ಸೇರಿದ್ದರು. ಅಂದು ಅವರು ಹಾಡಿದ್ದು ಯೋಹಾನ್ ಲುಡ್ವಿಗ್ ರೂನೆಬರ್ಗ್ ಬರೆದ 'ನಮ್ಮ ನಾಡು' ಎಂಬ ಕವಿತೆ. ಫಿನ್‌ಲ್ಯಾಂಡ್ ಆಗ ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಕವಿತೆ ಇದ್ದದ್ದು ಫಿನ್ನಿಶ್ ಭಾಷೆಯಲ್ಲಲ್ಲ, ಸ್ವೀಡಿಷ್‌ನಲ್ಲಿ. ಅದಕ್ಕೆ ಸ್ವರ ಕೂಡಿಸಿದ ಫ್ರೆಡ್ರಿಕ್ ಪಾಸಿಯುಸ್ ಹುಟ್ಟಿದ್ದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಹೆಲ್ಸಿಂಕಿಗೆ ಬಂದದ್ದು ವಿಶ್ವವಿದ್ಯಾಲಯದಲ್ಲಿ ಸಂಗೀತ ಕಲಿಸಲು. ಈಗ ನೀನೇ ಹೇಳು. ಜರ್ಮನ್ ಮನುಷ್ಯ, ಸ್ವೀಡಿಷ್ ಕವಿತೆ, ರಷ್ಯಾದ ಆಳ್ವಿಕೆ. ಇದರಲ್ಲಿ ಫಿನ್‌ಲ್ಯಾಂಡಿನ ಸ್ವಂತದ್ದು ಯಾವುದು?

ತಮ್ಮ: ಹಾಡಿದವರು.

ಅಕ್ಕ: ಹೌದು, ಹಾಡಿದವರು. ಫಿನ್‌ಲ್ಯಾಂಡಿನಲ್ಲಿ ಇಂದಿಗೂ ಇದನ್ನು ರಾಷ್ಟ್ರಗೀತೆ ಎಂದು ಸಾರುವ ಕಾನೂನಿಲ್ಲ. ಜನ ಹಾಡುತ್ತಾ ಬಂದರು, ಅದು ರಾಷ್ಟ್ರಗೀತೆಯಾಯಿತು. ಬಳಕೆಯೇ ಅದಕ್ಕೆ ಶಾಸನ.

ತಮ್ಮ: ಫಿನ್‌ಲ್ಯಾಂಡಿನ ಕಥೆ ಗೊತ್ತಾಯಿತು. ಎಸ್ಟೋನಿಯಾಕ್ಕೆ ಅದು ಹೇಗೆ ಬಂತು?

ಅಕ್ಕ: ಅದಕ್ಕೆ ಆಗಿನ ಎಸ್ಟೋನಿಯಾ ಹೇಗಿತ್ತು ಎಂದು ತಿಳಿಯಬೇಕು. ರಾಜ್ಯ ರಷ್ಯಾದ ಚಕ್ರವರ್ತಿಯದು, ಜಮೀನು ಜರ್ಮನ್ ಧಣಿಗಳದು. ಎಸ್ಟೋನಿಯನ್ ಮಾತಾಡುವವರು ಆ ಜಮೀನಿಗೆ ಅಂಟಿಕೊಂಡ ಜೀತದಾಳುಗಳು. 1816ರಲ್ಲಿ ಉತ್ತರದ ಪ್ರಾಂತ್ಯದಲ್ಲಿ, 1819ರಲ್ಲಿ ದಕ್ಷಿಣದ ಲಿವೋನಿಯಾದಲ್ಲಿ ಜೀತ ಕಾನೂನಿನ ಪ್ರಕಾರ ರದ್ದಾಯಿತು. ಹೆಚ್ಚಿನ ರೈತರಿಗೆ ಮನೆತನದ ಹೆಸರು ಅಂತ ಒಂದು ಬಂದದ್ದೂ ಆಮೇಲೆಯೇ. ತಮ್ಮನ್ನು ತಾವು 'ನೆಲದ ಜನ' ಎಂದು ಕರೆದುಕೊಳ್ಳುತ್ತಿದ್ದರೇ ಹೊರತು ನಾವು ಎಸ್ಟೋನಿಯನ್ನರು ಎಂಬ ಮಾತು ಅವರ ಬಾಯಲ್ಲಿ ಇರಲಿಲ್ಲ.

ತಮ್ಮ: ಹೆಸರೇ ಇಲ್ಲದ ಜನಕ್ಕೆ ರಾಷ್ಟ್ರಗೀತೆ ಬರೆದವರು ಯಾರು?

ಅಕ್ಕ: ಯೋಹಾನ್ ವೋಲ್ಡೆಮಾರ್ ಯಾನ್ಸೆನ್ ಎಂಬ ಮೇಷ್ಟ್ರು. ಹಿಟ್ಟಿನ ಗಿರಣಿಯವನ ಮಗ, ಹುಟ್ಟಿದ್ದು ಜೀತ ರದ್ದಾದ ಅದೇ 1819ರಲ್ಲಿ. ಪರ್ನು ಎಂಬ ಕಡಲ ಊರಿನಲ್ಲಿ ಪಾಠ ಹೇಳುತ್ತಿದ್ದ ಅವರು 1857ರಲ್ಲಿ ಒಂದು ವಾರಪತ್ರಿಕೆ ಶುರು ಮಾಡಿದರು. ಮೊದಲ ಸಂಚಿಕೆಯಲ್ಲಿ ಓದುಗರಿಗೆ ನಮಸ್ಕಾರ ಹೇಳುವಾಗ 'ನೆಲದ ಜನ' ಎನ್ನಲಿಲ್ಲ, 'ಎಸ್ಟೋನಿಯಾದ ಜನ' ಎಂದರು. ಅಷ್ಟೇ ಒಂದು ಪದ. ಆದರೆ ಸಾವಿರಾರು ಮನೆಗಳಲ್ಲಿ ಅದನ್ನು ಓದಿದವರು ತಮಗೊಂದು ಹೆಸರಿದೆ ಎಂದು ಅಂದು ಅರಿತರು. ಆ ಪತ್ರಿಕೆ 'ಪೋಸ್ಟಿಮೇಸ್' ಎಂಬ ಹೆಸರಿನಲ್ಲಿ ಇಂದಿಗೂ ಬರುತ್ತಿದೆ.

ತಮ್ಮ: ದೊಡ್ಡ ಹೋರಾಟಗಾರರೇ ಇರಬೇಕು.

ಅಕ್ಕ: ಹಾಗೂ ಅಲ್ಲ. ಯಾನ್ಸೆನ್ ಮೆದು ಸ್ವಭಾವದವರು. ಜರ್ಮನ್ ಧಣಿಗಳ ಎದುರು ತೀರ ಬಾಗಿ ನಡೆದರು ಎಂದು ಅವರ ಕಾಲದ ಖಾರದ ಪತ್ರಕರ್ತರು ಟೀಕಿಸಿದ್ದುಂಟು. ಜಗಳಕ್ಕೆ ಹೋಗದೆ ಕೆಲಸ ಸಾಧಿಸುವ ಜಾತಿ. ಟಾರ್ಟು ನಗರಕ್ಕೆ ಬಂದು 1865ರಲ್ಲಿ 'ವಾನೆಮುಯ್ನೆ' ಎಂಬ ಗಾಯನ ಸಂಘ ಕಟ್ಟಿದರು. ಸಭೆ ಸೇರಲು ಸರ್ಕಾರ ಬಿಡದು, ಹಾಡಲು ಸೇರಿದರೆ ಬೇಡವೆನ್ನದು. ಆ ಸಂದಿಯಲ್ಲೇ ದಾರಿ ಮಾಡಿಕೊಂಡರು. ಜೀತ ರದ್ದಾಗಿ ಐವತ್ತು ವರ್ಷ ತುಂಬಿತು, ಚಕ್ರವರ್ತಿಗೆ ಕೃತಜ್ಞತೆ ಹೇಳಲು ಒಂದು ಹಾಡಿನ ಹಬ್ಬ ಮಾಡುತ್ತೇವೆ ಎಂದು ಅರ್ಜಿ ಹಾಕಿಕೊಂಡರು. ಓಡಾಡಿ, ಕಾದು, ಕೊನೆಗೆ ಅನುಮತಿ ಪಡೆದರು.

ತಮ್ಮ: ಹಬ್ಬ ಆಯಿತೇ?

ಅಕ್ಕ: 1869ರ ಜೂನ್‌ನಲ್ಲಿ, ಟಾರ್ಟುವಿನಲ್ಲಿ, ಮೂರು ದಿನ. ಹಳ್ಳಿಹಳ್ಳಿಗಳಿಂದ ಪುರುಷರ ಮೇಳಗಳು, ಕಹಳೆ ವಾದ್ಯದ ತಂಡಗಳು ಬಂದವು. ಹಾಡುವವರೇ 800ಕ್ಕೂ ಹೆಚ್ಚು. ಅವರನ್ನು ತಯಾರು ಮಾಡಿದವರು ಯಾರೆಂದುಕೊಂಡೆ? ಹಳ್ಳಿಯ ಶಾಲೆಯ ಮೇಷ್ಟ್ರುಗಳು. ದೀಪದ ಬೆಳಕಿನಲ್ಲಿ ಸ್ವರಲಿಪಿ ನಕಲು ಮಾಡಿ, ಉತ್ತು ಬಂದ ರೈತರನ್ನು ಕೂರಿಸಿಕೊಂಡು ನಾಲ್ಕು ಕಂಠಗಳಿಗೆ ನಾಲ್ಕು ಸ್ವರ ಕಲಿಸಿದವರು. ಅಲ್ಲಿನ ಪ್ರಾರ್ಥನಾ ಮಂದಿರಗಳಲ್ಲಿ ಮೊರಾವಿಯನ್ ಪಂಥದವರು ನೂರು ವರ್ಷದಿಂದ ಬಹುಕಂಠದ ಗಾಯನ ರೂಢಿ ಮಾಡಿಸಿದ್ದರು. ಆ ರೂಢಿಯೇ ಇಲ್ಲಿ ಉಪಯೋಗಕ್ಕೆ ಬಂತು.

ತಮ್ಮ: ಅಲ್ಲಿಯೇ ಈ ಹಾಡು?

ಅಕ್ಕ: ಅಲ್ಲಿಯೇ. ಪಾಸಿಯುಸ್‌ನ ಧಾಟಿಗೆ ಯಾನ್ಸೆನ್ ಎಸ್ಟೋನಿಯನ್ ಮಾತು ಹೊಂದಿಸಿದ್ದರು. ಮೂರೇ ಮೂರು ಚರಣ. ಮೊದಲನೆಯದರಲ್ಲಿ ನಾಡಿನ ಚೆಲುವು, ಎರಡನೆಯದರಲ್ಲಿ ಹೆತ್ತು ಸಾಕಿದ ನಾಡಿಗೆ ಕೊನೆಯುಸಿರಿನವರೆಗಿನ ನಿಷ್ಠೆ, ಮೂರನೆಯದರಲ್ಲಿ ದೇವರು ನಿನ್ನನ್ನು ಕಾಯಲಿ ಎಂಬ ಬೇಡಿಕೆ. ಯಾರನ್ನೂ ಸೋಲಿಸುವ ಮಾತಿಲ್ಲ, ವೈರಿ ಎಂಬ ಪದವಿಲ್ಲ. ನೀನು ಎರವಲು ಎಂದೆಯಲ್ಲ. ಅಂದಿನ ಹಬ್ಬದ ಬಹುಪಾಲು ಧಾಟಿಗಳೂ ಜರ್ಮನ್ನರಿಂದಲೋ ಫಿನ್ನರಿಂದಲೋ ಬಂದವೇ. ಗೊತ್ತಿರುವ ಧಾಟಿಗೆ ಹೊಸ ಪದ ಕಟ್ಟುವುದು ನಮ್ಮ ಜನಪದರಿಗೂ ಭಜನೆಯವರಿಗೂ ಹೊಸದೇನಲ್ಲ. ಇಂಥ ಹಾಡಿನ ಮಟ್ಟು ಎಂದು ಪದದ ತಲೆಯ ಮೇಲೆ ಬರೆದುಕೊಂಡೇ ಹಾಡುತ್ತೇವೆ, ಅದನ್ನು ಕಳವು ಎನ್ನುವುದಿಲ್ಲ.

ತಮ್ಮ: ಆ ದಿನ ಎಸ್ಟೋನಿಯನ್ನರದೇ ಎನ್ನಬಹುದಾದ ಒಂದೂ ಹಾಡು ಇರಲಿಲ್ಲವೇ?

ಅಕ್ಕ: ಎರಡು ಇದ್ದವು. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳು, ಏಕೆಂದರೆ ಈ ಕಥೆಯ ತಿರುಳು ಇಲ್ಲೇ ಇದೆ. ಯಾನ್ಸೆನ್‌ಗೆ ಲಿಡಿಯಾ ಎಂಬ ಮಗಳಿದ್ದಳು, ಆಗ 25ರ ಹರೆಯ. ಅಪ್ಪನ ಪತ್ರಿಕೆಯ ಅರ್ಧ ಕೆಲಸ ಅವಳದೇ. ಆದರೆ ಹೆಣ್ಣುಮಗಳು ಎಂಬ ಕಾರಣಕ್ಕೆ ಹೆಸರು ಮುಂದೆ ಬರುವಂತಿರಲಿಲ್ಲ. ಕವಿತೆಗಳನ್ನು 'ಕೊಯ್ದುಲಾ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದಳು. ಮುಂಜಾವಿನವಳು ಎಂಬ ಅರ್ಥದ ಹೆಸರು. ಅವಳ ಎರಡು ಕವಿತೆಗಳಿಗೆ ಅಲೆಕ್ಸಾಂಡರ್ ಕುನಿಲೈಡ್ ಎಂಬ ಎಸ್ಟೋನಿಯನ್ ಯುವಕ ಸ್ವರ ಕೂಡಿಸಿದ. ಹಬ್ಬದಲ್ಲಿ ಸಾಹಿತ್ಯ, ಸಂಗೀತ ಎರಡೂ ಆ ನೆಲದವರದ್ದೇ ಆಗಿದ್ದ ಹಾಡುಗಳೆಂದರೆ ಆ ಎರಡೇ. ಅವುಗಳಲ್ಲಿ ಒಂದು, 'ನನ್ನ ನಾಡೇ ನನ್ನ ಒಲವು'. ಅವಳ ಪದಗಳನ್ನು ಸಾವಿರಾರು ಜನ ಕೇಳಿದರು, ಹಾಡಿದವರು ಮಾತ್ರ ಗಂಡಸರು. ಹೆಂಗಸರ ಕಂಠ ಹಾಡಿನ ಹಬ್ಬಕ್ಕೆ ಸೇರಿದ್ದು 1891ರಲ್ಲಿ. ಲಿಡಿಯಾ ಅಷ್ಟರಲ್ಲಿ ತೀರಿಕೊಂಡಿದ್ದಳು.

ತಮ್ಮ: ಅಂದರೆ ಒಂದೇ ಮನೆಯಿಂದ ಎರಡು ಹಾಡು ಹೊರಟವು.

ಅಕ್ಕ: ಹೌದು. ಅಪ್ಪನದೊಂದು, ಮಗಳದೊಂದು. ಅಪ್ಪನ ಪದಕ್ಕೆ ಹೊರಗಿನ ಧಾಟಿ, ಮಗಳ ಪದಕ್ಕೆ ಮನೆಯದೇ ಧಾಟಿ. ಒಂದೇ ಹಬ್ಬದಲ್ಲಿ, ಒಂದೇ ವೇದಿಕೆಯಲ್ಲಿ. ಮುಂದಿನ 120 ವರ್ಷ ಆ ದೇಶದ ಬಾಳುವೆಯೆಲ್ಲ ಈ ಎರಡು ಹಾಡುಗಳ ಸುತ್ತಲೇ ನಡೆಯಿತು ಎಂದರೂ ತಪ್ಪಾಗದು.

ತಮ್ಮ: ರಾಷ್ಟ್ರಗೀತೆಯಾದದ್ದು ಅಪ್ಪನ ಹಾಡು.

ಅಕ್ಕ: 1918ರ ಫೆಬ್ರವರಿ 24ರಂದು ಎಸ್ಟೋನಿಯಾ ತಾನು ಸ್ವತಂತ್ರ ಎಂದು ಘೋಷಿಸಿತು. ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಲು ಒಂದು ವರ್ಷಕ್ಕೂ ಹೆಚ್ಚು ಕಾಲ ಯುದ್ಧ ಮಾಡಬೇಕಾಯಿತು. 1920ರ ಫೆಬ್ರವರಿ 2ರಂದು ಅದೇ ಟಾರ್ಟುವಿನಲ್ಲಿ ಸೋವಿಯತ್ ರಷ್ಯಾ ಒಪ್ಪಂದಕ್ಕೆ ಸಹಿ ಹಾಕಿ ಎಸ್ಟೋನಿಯಾವನ್ನು ಮಾನ್ಯ ಮಾಡಿತು. ಅದೇ ವರ್ಷ ಅಪ್ಪನ ಹಾಡು ಅಧಿಕೃತವಾಗಿ ರಾಷ್ಟ್ರಗೀತೆಯಾಯಿತು. ಇಪ್ಪತ್ತೇ ವರ್ಷ. 1940ರಲ್ಲಿ ಸೋವಿಯತ್ ಸೇನೆ ಬಂತು, 1941ರಲ್ಲಿ ನಾಜಿಗಳು, 1944ರಲ್ಲಿ ಮತ್ತೆ ಸೋವಿಯತ್. ಸುಮಾರು 70,000 ಜನ ದೋಣಿಗಳಲ್ಲಿ ಕಡಲು ದಾಟಿ ಓಡಿದರು. 1949ರ ಮಾರ್ಚ್‌ನಲ್ಲಿ ಕೆಲವೇ ದಿನಗಳಲ್ಲಿ 20,000ಕ್ಕೂ ಹೆಚ್ಚು ಜನರನ್ನು, ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು, ರೈಲು ಡಬ್ಬಿಗಳಲ್ಲಿ ತುಂಬಿ ಸೈಬೀರಿಯಾದತ್ತ ಸಾಗಿಸಿದರು. ರಾಷ್ಟ್ರಗೀತೆಯನ್ನು ಹಾಡುವುದು ಅಪರಾಧವಾಯಿತು. ನೀಲಿ, ಕಪ್ಪು, ಬಿಳಿ ಬಾವುಟವೂ ನಿಷಿದ್ಧ.

ತಮ್ಮ: ಐವತ್ತು ವರ್ಷ ಹಾಡದಿದ್ದರೆ ಹಾಡು ಸತ್ತೇ ಹೋಗಬೇಕು. ಹೊಸ ತಲೆಮಾರಿಗೆ ಅದು ಗೊತ್ತೇ ಆಗುವುದಿಲ್ಲವಲ್ಲ.

ಅಕ್ಕ: ಇಲ್ಲೇ ನೀನು ನಾಚಿಕೆಯ ಸಂಗತಿ ಎಂದುಕೊಂಡ ಆ ಎರವಲು ಕೆಲಸಕ್ಕೆ ಬಂತು. ಟಾಲಿನ್‌ನಿಂದ ಹೆಲ್ಸಿಂಕಿಗೆ ಕಡಲ ಮೇಲೆ 80 ಕಿಲೋಮೀಟರ್. ಫಿನ್‌ಲ್ಯಾಂಡಿನ ರೇಡಿಯೋ ಉತ್ತರ ಎಸ್ಟೋನಿಯಾದ ಮನೆಗಳಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ರಾತ್ರಿ ಪ್ರಸಾರ ಮುಗಿಸುವಾಗ ಆ ಕೇಂದ್ರದವರು ತಮ್ಮ ರಾಷ್ಟ್ರಗೀತೆ ನುಡಿಸುತ್ತಿದ್ದರು. ಕಣ್ಣಮುಂದೆ ತಂದುಕೋ: ಚಳಿಗಾಲದ ನಡುರಾತ್ರಿ, ಅಡುಗೆಮನೆಯ ಮೇಜಿನ ಮೇಲೆ ರೇಡಿಯೋ, ಪಕ್ಕದ ಮನೆಗೆ ಕೇಳಿಸದಷ್ಟು ಸಣ್ಣಗೆ ತಿರುಗಿಸಿದ ಗುಂಡಿ. ಹೊರಬರುವ ನಾದ ಫಿನ್‌ಲ್ಯಾಂಡಿನದು. ಕೇಳುವವರ ಮನಸ್ಸಿನಲ್ಲಿ ಅದರ ಮೇಲೆ ಕೂರುವ ಮಾತು ಯಾನ್ಸೆನ್ ಮೇಷ್ಟ್ರದ್ದು. ತುಟಿ ಅಲುಗಬೇಕಿಲ್ಲ. ಪಕ್ಕದಲ್ಲಿ ಕೂತ ಮಗು ಧಾಟಿಯನ್ನು ತಾನಾಗಿ ಕಲಿಯುತ್ತದೆ. ಕಷ್ಟಕಾಲ ಬಂದಾಗ ಒಡವೆಯನ್ನು ನೆರೆಮನೆಯಲ್ಲಿ ಇರಿಸುತ್ತಾರಲ್ಲ, ಹಾಗೆ ಒಂದು ದೇಶದ ಹಾಡು ಇನ್ನೊಂದು ದೇಶದ ಮನೆಯಲ್ಲಿ ಭದ್ರವಾಗಿತ್ತು. ಎಸ್ಟೋನಿಯನ್ನರು ತಮ್ಮದೇ ಹೊಸ ಧಾಟಿ ಕಟ್ಟಿಕೊಂಡಿದ್ದರೆ ಆ ಐವತ್ತು ವರ್ಷ ಅದನ್ನು ಕೇಳಿಸುವವರು ಯಾರೂ ಇರುತ್ತಿರಲಿಲ್ಲ.

ತಮ್ಮ: ಈ ದಿಕ್ಕಿನಿಂದ ನಾನು ಯೋಚಿಸಿರಲಿಲ್ಲ. ಆದರೆ ಕೇಳುವುದು ಬೇರೆ, ಹಾಡುವುದು ಬೇರೆ. ಜನ ಒಟ್ಟಾಗಿ ಏನನ್ನು ಹಾಡಿದರು?

ಅಕ್ಕ: ಮಗಳ ಹಾಡನ್ನು. ಅದಕ್ಕೆ ಗುಸ್ತಾವ್ ಎರ್ನೆಸಾಕ್ಸ್ ಎಂಬ ಸಂಗೀತಗಾರನ ಕಥೆ ಹೇಳಬೇಕು. ಯುದ್ಧಕಾಲದಲ್ಲಿ ಎಸ್ಟೋನಿಯಾದ ಕಲಾವಿದರ ಒಂದು ಗುಂಪನ್ನು ಸೋವಿಯತ್ ಸರ್ಕಾರ ರಷ್ಯಾದ ಯಾರೊಸ್ಲಾವ್ಲ್ ನಗರದಲ್ಲಿ ಇರಿಸಿತ್ತು. ಊರಿನಿಂದ ದೂರ ಇದ್ದ ಎರ್ನೆಸಾಕ್ಸ್ 1944ರಲ್ಲಿ ಅಲ್ಲಿ ಕೂತು ಕೊಯ್ದುಲಾಳ 'ನನ್ನ ನಾಡೇ ನನ್ನ ಒಲವು' ಕವಿತೆಗೆ ಹೊಸದಾಗಿ ಸ್ವರ ಕಟ್ಟಿದರು. ಯುದ್ಧ ಮುಗಿದ ಮೇಲಿನ ಮೊದಲ ಹಾಡಿನ ಹಬ್ಬ 1947ರಲ್ಲಿ ನಡೆಯಿತು, ಅಲ್ಲಿ ಅದನ್ನು ಹಾಡಿದರು. ಕವಿತೆ ಹಳೆಯದು, ಕವಿ ತೀರಿಕೊಂಡು ಆರು ದಶಕವಾಗಿತ್ತು, ಅಧಿಕಾರಿಗಳಿಗೆ ತಕ್ಷಣ ಏನೂ ಅನಿಸಲಿಲ್ಲ. ಕೇಳಿದ ಜನಕ್ಕೆ ಅನಿಸಿತು.

ತಮ್ಮ: ಸೋವಿಯತ್ ಎಸ್ಟೋನಿಯಾಕ್ಕೆ ಬೇರೆ ರಾಷ್ಟ್ರಗೀತೆ ಮಾಡಿದ್ದರಲ್ಲವೇ? ಅದರ ಸಂಗೀತ ಯಾರದು?

ಅಕ್ಕ: ಅದೂ ಎರ್ನೆಸಾಕ್ಸ್‌ರದೇ. 1945ರಲ್ಲಿ. ಸಾಹಿತ್ಯ ಯೋಹಾನೆಸ್ ಸೆಂಪರ್ ಎಂಬ ಕವಿಯದು.

ತಮ್ಮ: ಇದು ನನಗೆ ನುಂಗಲಾಗದ ಮಾತು. ಒಂದು ಕೈಯಿಂದ ಆಳುವವರಿಗೆ ರಾಷ್ಟ್ರಗೀತೆ, ಇನ್ನೊಂದು ಕೈಯಿಂದ ಆಳಿಸಿಕೊಂಡವರಿಗೆ ಹಾಡು. ಇಂಥವರನ್ನು ದೇಶಭಕ್ತ ಎನ್ನುವುದು ಹೇಗೆ?

ಅಕ್ಕ: ಸುಲಭದ ಉತ್ತರ ನನ್ನಲ್ಲಿಲ್ಲ. ಆದರೆ ಆ ಕಾಲವನ್ನು ನೋಡು. 1950ರ ಹಬ್ಬಕ್ಕೆ ಮುಂಚೆ ಅದರ ಮುಖ್ಯ ನಿರ್ದೇಶಕರಾದ ಆಲ್‌ಫ್ರೆಡ್ ಕಾರಿಂಡಿ, ರಿಹೋ ಪ್ಯಾಟ್ಸ್, ಟೂಡುರ್ ವೆಟ್ಟಿಕ್ ಈ ಮೂವರನ್ನೂ ಬಂಧಿಸಿ ಕಳಿಸಿದರು. ಸಂಗೀತ ಕಲಿಸಿದ ಮೂವರು ಮನುಷ್ಯರು. ಕೊಯ್ದುಲಾಳ ಹಾಡನ್ನೂ ಪಟ್ಟಿಯಿಂದ ತೆಗೆದರು. ಎರ್ನೆಸಾಕ್ಸ್ ಹೊರಗೆ ಉಳಿದರು, ಕೇಳಿದ್ದನ್ನು ಬರೆದುಕೊಟ್ಟರು, 1944ರಲ್ಲಿ ತಾವೇ ಕಟ್ಟಿದ್ದ ಪುರುಷರ ಮೇಳವನ್ನು ಕಾಪಾಡಿಕೊಂಡರು, ಹಾಡಿನ ಹಬ್ಬ ನಿಲ್ಲದಂತೆ ನೋಡಿಕೊಂಡರು. ಅವರ ಎರಡು ಕೃತಿಗಳನ್ನು ಜನ ತೂಗಿದ್ದು ಹೇಗೆ ಎನ್ನುವುದೇ ಅದಕ್ಕೆ ತೀರ್ಪು. ಸರ್ಕಾರ ಹಾಡಿಸಿದ ಗೀತೆ ಸರ್ಕಾರದೊಂದಿಗೇ ಹೋಯಿತು, ಇಂದು ಅದನ್ನು ಹಾಡುವವರಿಲ್ಲ. ಪಟ್ಟಿಯಿಂದ ಕಿತ್ತ ಹಾಡು ಉಳಿಯಿತು. ಎರಡನ್ನೂ ಕಟ್ಟಿದ್ದು ಒಂದೇ ಕೈ. ವ್ಯತ್ಯಾಸ ಇದ್ದದ್ದು ಹಾಡುವವರ ಎದೆಯಲ್ಲಿ.

ತಮ್ಮ: ಕಿತ್ತ ಹಾಡು ಮತ್ತೆ ಬಂದದ್ದು ಹೇಗೆ?

ಅಕ್ಕ: 1960ರಲ್ಲಿ ಟಾಲಿನ್‌ನ ಹೊರವಲಯದಲ್ಲಿ ಹಾಡಿನ ಹಬ್ಬಕ್ಕೆಂದೇ ಹೊಸ ವೇದಿಕೆ ಕಟ್ಟಿದರು. ವಾಸ್ತುಶಿಲ್ಪಿ ಆಲಾರ್ ಕೋಟ್ಲಿ. ಚಿಪ್ಪಿನ ಹಾಗೆ ಬಾಗಿದ ದೊಡ್ಡ ಕಮಾನು, ಅದರಡಿ ಸಾವಿರಾರು ಜನ ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಬಹುದು, ಎದುರಿಗೆ ಇಳಿಜಾರಿನ ಹುಲ್ಲು, ಹಿಂದೆ ಕಡಲು. ಆ ವರ್ಷದ ಹಬ್ಬದ ಕೊನೆಯಲ್ಲಿ ಪಟ್ಟಿಯಲ್ಲಿ ಇಲ್ಲದ ಈ ಹಾಡನ್ನು ಗಾಯಕರು ತಾವಾಗಿಯೇ ಎತ್ತಿಕೊಂಡರು. ಸಾವಿರಾರು ಜನ ಒಂದೇ ಉಸಿರಿನಲ್ಲಿ ಹಾಡುವಾಗ ಯಾರನ್ನು ಹಿಡಿಯುವುದು? ಅಲ್ಲಿಂದ ಮುಂದೆ ಹಬ್ಬವೆಂದರೆ ಕೊನೆಗೆ ಆ ಹಾಡು ಎಂದಾಯಿತು. ಜನ ಎದ್ದು ನಿಲ್ಲುತ್ತಿದ್ದರು. ನಿಷೇಧಿಸಿದ ರಾಷ್ಟ್ರಗೀತೆಗೆ ಸಲ್ಲಬೇಕಾದ ಗೌರವವನ್ನು ಅದಕ್ಕೆ ಸಲ್ಲಿಸುತ್ತಿದ್ದರು. ಅಪ್ಪನ ಹಾಡಿನ ಬಾಯಿ ಕಟ್ಟಿದ್ದ ಅಷ್ಟೂ ವರ್ಷ ಮಗಳ ಹಾಡು ಅದರ ಜಾಗದಲ್ಲಿ ನಿಂತು ಮನೆ ನಡೆಸಿತು.

ತಮ್ಮ: ಹಾಡುತ್ತಲೇ ಸ್ವಾತಂತ್ರ್ಯ ಪಡೆದರು ಎಂದು ಎಲ್ಲೋ ಓದಿದ ನೆನಪು. ಅದು ಉತ್ಪ್ರೇಕ್ಷೆ ಇರಬೇಕು ಎಂದುಕೊಂಡಿದ್ದೆ.

ಅಕ್ಕ: ಹಾಡಿನಿಂದಲೇ ಎಲ್ಲ ಆಯಿತು ಎಂದರೆ ಉತ್ಪ್ರೇಕ್ಷೆಯೇ. ಮಾಸ್ಕೋದಲ್ಲಿ ಗೋರ್ಬಚೇವ್ ಹಿಡಿತ ಸಡಿಲಿಸಿದ್ದು, ಸೋವಿಯತ್ ಆರ್ಥಿಕತೆ ಕುಸಿದದ್ದು, ಜನ ಸಂಘಟಿತರಾದದ್ದು ಎಲ್ಲವೂ ಸೇರಬೇಕು. 1987ರಲ್ಲಿ ರಂಜಕದ ಗಣಿ ಬೇಡ ಎಂದು ಎದ್ದ ಚಳವಳಿಯೇ ಮೊದಲ ಕಿಡಿ. ಆದರೆ ಹೆದರಿಕೆ ಬಿಟ್ಟದ್ದು ಹಾಡಿನ ಬಯಲಿನಲ್ಲಿ. 1988ರ ಜೂನ್‌ನಲ್ಲಿ ಟಾಲಿನ್‌ನ ಹಳೇ ಪೇಟೆಯ ಉತ್ಸವ ಮುಗಿಸಿದ ಯುವಕರು ಮನೆಗೆ ಹೋಗದೆ ಆ ಕಮಾನಿನ ಬಯಲಿಗೆ ನಡೆದರು. ಬಿಳಿ ರಾತ್ರಿಗಳ ಕಾಲ, ಕತ್ತಲೆಯೇ ಪೂರ್ತಿ ಆಗುವುದಿಲ್ಲ. ಬೆಳಗಿನವರೆಗೆ ಹಾಡಿದರು. ಮಾರನೆಯ ರಾತ್ರಿ ಇನ್ನೂ ಹೆಚ್ಚು ಜನ. ಮನೆಯಲ್ಲಿ ಬಚ್ಚಿಟ್ಟಿದ್ದ ನೀಲಿ ಕಪ್ಪು ಬಿಳಿ ಬಾವುಟಗಳು ಒಂದೊಂದಾಗಿ ಹೊರಬಂದವು. ಅದನ್ನು ಕಂಡ ಹೈಂಜ್ ವಾಲ್ಕ್ ಎಂಬ ಕಲಾವಿದರು ಪತ್ರಿಕೆಯಲ್ಲಿ ಲೇಖನ ಬರೆದು ಇದಕ್ಕೆ 'ಹಾಡುವ ಕ್ರಾಂತಿ' ಎಂದು ಹೆಸರಿಟ್ಟರು. ಸೆಪ್ಟೆಂಬರ್ 11ರಂದು ಅದೇ ಬಯಲಿನಲ್ಲಿ ಸುಮಾರು ಮೂರು ಲಕ್ಷ ಜನ ಸೇರಿದರು. ಇಡೀ ದೇಶದ ಎಸ್ಟೋನಿಯನ್ನರು ಹತ್ತು ಲಕ್ಷದಷ್ಟು. ಅವರಲ್ಲಿ ಮೂರು ಲಕ್ಷ ಎಂದರೆ ಲೆಕ್ಕ ಹಾಕಿಕೋ. ಅಂದು ಟ್ರಿವಿಮಿ ವೆಲ್ಲಿಸ್ತೆ ಎಂಬವರು ವೇದಿಕೆಯಿಂದ ಮೊದಲ ಬಾರಿಗೆ ಸ್ವಾತಂತ್ರ್ಯ ಮರಳಿ ಬೇಕು ಎಂದು ಬಹಿರಂಗವಾಗಿ ಕೇಳಿದರು.

ತಮ್ಮ: ಆಮೇಲೆ?

ಅಕ್ಕ: ಆಮೇಲಿನದು ಬೇಗ ಬೇಗ ನಡೆಯಿತು. 1989ರ ಫೆಬ್ರವರಿ 24ರಂದು ಟಾಲಿನ್‌ನ 'ಉದ್ದ ಹರ್ಮನ್' ಎಂಬ ಕೋಟೆ ಗೋಪುರದ ಮೇಲೆ ಮೂರು ಬಣ್ಣದ ಬಾವುಟ ಏರಿತು. ಆಗಸ್ಟ್ 23ರಂದು ಟಾಲಿನ್‌ನಿಂದ ಲಾಟ್ವಿಯಾದ ರೀಗಾ ಮೂಲಕ ಲಿಥುವೇನಿಯಾದ ವಿಲ್ನಿಯಸ್‌ವರೆಗೆ ಸುಮಾರು 600 ಕಿಲೋಮೀಟರ್ ಉದ್ದಕ್ಕೆ ಸುಮಾರು 20 ಲಕ್ಷ ಜನ ಕೈ ಕೈ ಹಿಡಿದು ನಿಂತರು. 1990ರ ಮೇ 8ರಂದು ದೇಶದ ಹಳೆಯ ಹೆಸರು, ಬಾವುಟ, ಲಾಂಛನ, ರಾಷ್ಟ್ರಗೀತೆ ಎಲ್ಲವೂ ಮರಳಿದವು. 1991ರ ಆಗಸ್ಟ್ 20ರ ರಾತ್ರಿ, ಮಾಸ್ಕೋದಲ್ಲಿ ಕ್ಷಿಪ್ರಕ್ರಾಂತಿಯ ಟ್ಯಾಂಕುಗಳು ಬೀದಿಯಲ್ಲಿದ್ದಾಗ, ಎಸ್ಟೋನಿಯಾ ಸ್ವಾತಂತ್ರ್ಯವನ್ನು ಮರುಸ್ಥಾಪಿಸಿತು.

ತಮ್ಮ: ಈಗ ನನ್ನ ಕೊನೆಯ ಆಕ್ಷೇಪ ಹೇಳುತ್ತೇನೆ. ಕಷ್ಟಕಾಲದಲ್ಲಿ ಜೊತೆಗಿದ್ದದ್ದು ಮಗಳ ಹಾಡು. ಸಾಹಿತ್ಯ ಎಸ್ಟೋನಿಯನ್, ಸಂಗೀತ ಎಸ್ಟೋನಿಯನ್. ಗೆದ್ದ ಮೇಲೆ ಅದನ್ನೇ ರಾಷ್ಟ್ರಗೀತೆ ಮಾಡಬೇಕಿತ್ತು. ಮತ್ತೆ ಆ ಎರವಲು ಧಾಟಿಗೇ ಏಕೆ ಮರಳಿದರು?

ಅಕ್ಕ: ಹೀಗೆ ಕೇಳಿದವರು ಎಸ್ಟೋನಿಯಾದಲ್ಲೂ ಇದ್ದಾರೆ, ಇಂದಿಗೂ ಕೇಳುತ್ತಾರೆ. ಆದರೆ ಒಂದು ಮಾತು ಗಮನಿಸು. ಎಸ್ಟೋನಿಯಾ ಸ್ವಾತಂತ್ರ್ಯವನ್ನು ಘೋಷಿಸಿತು ಎನ್ನಲಿಲ್ಲ ನಾನು, ಮರುಸ್ಥಾಪಿಸಿತು ಎಂದೆ. ಅವರ ವಾದ ಇಷ್ಟು: ನಾವು ಸೋವಿಯತ್ ಒಕ್ಕೂಟದಿಂದ ಬೇರೆಯಾಗಿ ಹುಟ್ಟಿದ ಹೊಸ ದೇಶ ಅಲ್ಲ. 1918ರ ದೇಶವೇ ನಾವು. ನಡುವಿನ ಐವತ್ತು ವರ್ಷ ನಡೆದದ್ದು ಅಕ್ರಮ ಆಕ್ರಮಣ, ದೇಶ ಕಾನೂನಿನ ಕಣ್ಣಿನಲ್ಲಿ ಒಂದು ದಿನವೂ ಸತ್ತಿರಲಿಲ್ಲ. ಅಮೆರಿಕವೂ 1940ರಿಂದಲೇ ಆ ವಿಲೀನವನ್ನು ಒಪ್ಪಿರಲಿಲ್ಲ. ಹಾಗೆ ವಾದಿಸುವವರು ಹೊಸ ರಾಷ್ಟ್ರಗೀತೆ ಆರಿಸಿಕೊಂಡರೆ ತಮ್ಮ ಮಾತನ್ನು ತಾವೇ ಮುರಿದಂತೆ. ಮನೆಯಿಂದ ಹೊರದಬ್ಬಿಸಿಕೊಂಡವನು ಮರಳಿ ಬಂದಾಗ ಮೊದಲು ಕೇಳುವುದು ತನ್ನ ಹಳೇ ಬೀಗದ ಕೈಯನ್ನು. ಕೆನಡಾಕ್ಕೂ ಸ್ವೀಡನ್ನಿಗೂ ದೋಣಿಯಲ್ಲಿ ಹೋದವರು ಐವತ್ತು ವರ್ಷ ಹಾಡಿಕೊಂಡು ಬಂದದ್ದೂ ಅದೇ ಗೀತೆಯನ್ನು. ಕಿತ್ತುಕೊಂಡದ್ದೇ ಮರಳಬೇಕಿತ್ತು.

ತಮ್ಮ: ಮಗಳ ಹಾಡಿಗೆ ಹಾಗಾದರೆ ಏನು ಸಿಕ್ಕಿತು?

ಅಕ್ಕ: ಅದಕ್ಕೆ ಕಾನೂನಿನ ಪಟ್ಟ ಬೇಕಿರಲಿಲ್ಲ. ಐದು ವರ್ಷಕ್ಕೊಮ್ಮೆ ನಡೆಯುವ ಹಬ್ಬದಲ್ಲಿ ಅದರ ಜಾಗ ಭದ್ರ. ಆ ಬಯಲಿನ ಇಳಿಜಾರಿನಲ್ಲಿ ಎರ್ನೆಸಾಕ್ಸ್‌ರ ಕಂಚಿನ ಪ್ರತಿಮೆ ಇದೆ, ಕೂತು ಹಾಡು ಕೇಳುವ ಭಂಗಿಯಲ್ಲಿ. ಇನ್ನು ಅಪ್ಪನ ಹಾಡು: ಪ್ರತಿ ಫೆಬ್ರವರಿ 24ರಂದು ಸೂರ್ಯ ಹುಟ್ಟುವ ಹೊತ್ತಿಗೆ ಉದ್ದ ಹರ್ಮನ್ ಗೋಪುರದ ಕೆಳಗೆ ಜನ ಸೇರುತ್ತಾರೆ. ಉಸಿರು ಹೆಪ್ಪುಗಟ್ಟುವ ಚಳಿ, ಹೆಗಲ ಮೇಲೆ ಮಕ್ಕಳು. ಬಾವುಟ ಏರುತ್ತದೆ, ಹಾಡುತ್ತಾರೆ. ಇಬ್ಬರಿಗೂ ಅವರವರ ಪಾಲು ಸಿಕ್ಕಿದೆ.

ತಮ್ಮ: ಅಂದರೆ ಒಳ್ಳೆಯ ಹಾಡಿದ್ದರೆ ಜನಾಂಗ ಉಳಿಯುತ್ತದೆ ಎನ್ನೋಣವೇ?

ಅಕ್ಕ: ಹಾಗೆನ್ನಲು ನನಗೆ ಧೈರ್ಯವಿಲ್ಲ. ಇದೇ ಧಾಟಿಗೆ ಮೂರನೆಯ ಹಾಡೂ ಒಂದಿದೆ. ಲಾಟ್ವಿಯಾದ ಕಡಲ ತಡಿಯಲ್ಲಿ ಲಿವೋನಿಯನ್ನರು ಎಂಬ ಸಣ್ಣ ಜನಾಂಗ, ಎಸ್ಟೋನಿಯನ್ನರ ಒಡಹುಟ್ಟುಗಳು, ಮೀನು ಹಿಡಿದು ಬದುಕಿದವರು. ಅವರೂ ಪಾಸಿಯುಸ್‌ನ ಧಾಟಿಗೆ ತಮ್ಮ ನುಡಿಯಲ್ಲಿ ನಾಡಗೀತೆ ಕಟ್ಟಿಕೊಂಡರು. ಲಿವೋನಿಯನ್ ತಾಯ್ನುಡಿಯಾಗಿದ್ದ ಕೊನೆಯ ವ್ಯಕ್ತಿ 2013ರಲ್ಲಿ ದೂರದ ಕೆನಡಾದಲ್ಲಿ ತೀರಿಕೊಂಡರು. ಧಾಟಿ ಅದೇ, ಭಕ್ತಿಯೂ ಕಡಿಮೆಯಿರಲಿಲ್ಲ. ಮನೆಯಲ್ಲಿ ಆ ಮಾತಾಡುವ ಮಕ್ಕಳಿರಲಿಲ್ಲ. ಹಾಡು ತಾನೇ ಯಾರನ್ನೂ ಉಳಿಸುವುದಿಲ್ಲ. ಹಾಡುವವರು ಹಾಡನ್ನು ಉಳಿಸಬೇಕು, ಅದಕ್ಕೆ ನುಡಿ ಗೊತ್ತಿರಬೇಕು, ನುಡಿ ಮಕ್ಕಳ ಬಾಯಿಗೆ ಹೋಗಬೇಕು. ಎಸ್ಟೋನಿಯಾದ ಹಳ್ಳಿ ಮೇಷ್ಟ್ರುಗಳು ಮಾಡಿದ್ದು ಅದನ್ನೇ. ಯಾನ್ಸೆನ್, ಕೊಯ್ದುಲಾ, ಎರ್ನೆಸಾಕ್ಸ್ ಹೆಸರು ಪುಸ್ತಕದಲ್ಲಿದೆ. ದೀಪದ ಕೆಳಗೆ ಸ್ವರ ನಕಲು ಮಾಡಿದ ಮೇಷ್ಟ್ರುಗಳ ಹೆಸರು ಎಲ್ಲ ಪುಸ್ತಕದಲ್ಲೂ ಇಲ್ಲ. ನನ್ನ ಪಾಲಿಗೆ ಈ ಕಥೆಯ ನಾಯಕರು ಅವರೇ.

ತಮ್ಮ: ನನ್ನ ರಸಪ್ರಶ್ನೆಯಲ್ಲಿ 'ಒಂದೇ ಧಾಟಿಯ ರಾಷ್ಟ್ರಗೀತೆ ಇರುವ ಎರಡು ದೇಶಗಳು ಯಾವುವು' ಎಂದು ಬರೆದುಕೊಂಡಿದ್ದೆ. ಈಗ ಅದಷ್ಟನ್ನೇ ಕೇಳಿ ಮುಂದಿನದಕ್ಕೆ ಹೋಗಲು ಮನಸ್ಸು ಬರುತ್ತಿಲ್ಲ.

ಅಕ್ಕ: ಕೇಳು, ಕೇಳಿ ಉತ್ತರ ಪಡೆದ ಮೇಲೆ ಎರಡು ಹಾಡುಗಳನ್ನೂ ಮಕ್ಕಳಿಗೆ ಕೇಳಿಸು. ಮೊದಲು ಅಪ್ಪನದು, ಆಮೇಲೆ ಮಗಳದು. ಕೇಳಿಸುವ ಮುಂಚೆ ಎರಡೇ ಎರಡು ಅಂಕಿ ಹೇಳು, ಹೆಚ್ಚು ಬೇಡ. 1869ರಲ್ಲಿ ಟಾರ್ಟುವಿನಲ್ಲಿ ಹಾಡಿದವರು 800 ಚಿಲ್ಲರೆ ಗಂಡಸರು. 2019ರಲ್ಲಿ, ಆ ಹಬ್ಬಕ್ಕೆ 150 ವರ್ಷ ತುಂಬಿದಾಗ, ಟಾಲಿನ್‌ನ ಹಬ್ಬದಲ್ಲಿ ಹಾಡಿದವರು ಗಂಡು, ಹೆಣ್ಣು, ಮಕ್ಕಳು ಸೇರಿ ಸುಮಾರು 35,000. ಆ ದೇಶದ ಜನಸಂಖ್ಯೆ 13 ಲಕ್ಷ.